ಕಡಲು ನುಂಗುವುದಷ್ಟೇ ಅಲ್ಲ, ಕೊಡುತ್ತದೆ ಕೂಡ

ಕರಾವಳಿಯ ಕಡಲ್ಕೊರೆತದ ಬಗ್ಗೆ ನೀವು ಬರೆದ ಲೇಖನ ಓದಿದೆ. ಅದರಲ್ಲಿ 'ಸಮುದ್ರ ಊರು ನುಂಗುತ್ತಿದೆ' ಎಂದಷ್ಟೇ ಬರೆದಿದ್ದೀರಿ. ಉಡುಪಿಯ ಕೋಡಿ ಬೆಂಗ್ರೆಗೆ ಒಮ್ಮೆ ಬನ್ನಿ ಸರ್. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸುವರ್ಣಾ ನದಿ, ನಡುವೆ ಕಿರಿದಾದ ಮರಳ ಪಟ್ಟಿ. ಆ ನೆಲವನ್ನು ಕಟ್ಟಿದ್ದೇ ಹೊಳೆ ಮತ್ತು ಅಲೆ! ಸೀತಾ, ಸುವರ್ಣಾ ನದಿಗಳು ಘಟ್ಟದಿಂದ ಹೊತ್ತು ತರುವ ಮರಳನ್ನು ದಡಕ್ಕೆ ಓರೆಯಾಗಿ ಬಡಿಯುವ ಅಲೆಗಳು ತೀರದುದ್ದಕ್ಕೂ ತಳ್ಳಿಕೊಂಡು ಹೋಗುತ್ತವೆ. ಹೊಳೆ ಕಡಲು ಸೇರುವ ಅಳಿವೆ ಬಾಯಿಯಲ್ಲಿ ಆ ಮರಳು ನಾಲಿಗೆಯಂತೆ ಚಾಚಿಕೊಳ್ಳುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ದಡ ನೋಡಬೇಕು. ಹಿಂದಿನ ವಾರ ನಡೆದಾಡಿದ ಜಾಗ ಆಳೆತ್ತರ ಕಡಿದು ನಿಂತಿರುತ್ತದೆ, ತೆಂಗಿನ ಬೇರುಗಳು ಜಡೆ ಬಿಚ್ಚಿದ ಹಾಗೆ ಗಾಳಿಯಲ್ಲಿ ತೂಗುತ್ತವೆ. ಆ ಮರಳು ಎಲ್ಲಿಗೂ ಓಡಿಹೋಗಿಲ್ಲ, ಬಹುಪಾಲು ಸ್ವಲ್ಪ ದೂರದಲ್ಲೇ ನೀರಿನಡಿ ದಿಬ್ಬವಾಗಿ ಕೂತಿರುತ್ತದೆ. ದೊಡ್ಡ ಅಲೆಗಳ ಬಲವನ್ನು ಮುರಿಯುವುದೂ ಅದೇ ದಿಬ್ಬ. ಚೌತಿ ಕಳೆದು ಕಡಲು ತಣ್ಣಗಾದಂತೆ ಸಣ್ಣ ಅಲೆಗಳು ಅದನ್ನೇ ಮತ್ತೆ ದಡಕ್ಕೆ ತಂದು ಹಾಕುತ್ತವೆ. ನೇರಳೆ ಹೂವಿನ ಬಳ್ಳಿ ಹಬ್ಬಿ ಮರಳನ್ನು ಹಿಡಿದುಕೊಳ್ಳುತ್ತದೆ.

ಈ ಲೆಕ್ಕ ತಪ್ಪುವುದು ಹೊಳೆಯಲ್ಲಿ ಮರಳು ತೋಡಿದಾಗ, ಅಣೆಕಟ್ಟಿನ ಹಿಂದೆ ಅದು ನಿಂತುಬಿಟ್ಟಾಗ. ಆಮೇಲೆ ನಾವು ದಡಕ್ಕೆ ಕಲ್ಲು ಸುರಿದು ತಡೆಗೋಡೆ ಕಟ್ಟುತ್ತೇವೆ. ಗೋಡೆ ಇರುವಲ್ಲಿ ಮನೆ ಉಳಿಯಬಹುದು, ಆದರೆ ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಜೋರಾಗುತ್ತದೆ. ಅಲ್ಲಿಯೂ ಯಾರದ್ದೋ ಮನೆ ಇರುತ್ತದೆ. ಮುಂದಿನ ಲೇಖನದಲ್ಲಿ ದಯವಿಟ್ಟು ಆ ಮನೆಯವರನ್ನೂ ಮಾತಾಡಿಸಿ.