ಆಕೆ ಕೊಡ ಬಿಟ್ಟು ಹೋದ ವಚನವನ್ನು ನಾವು ಓದಲೇ ಇಲ್ಲ

ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಶುರುವಾಗುವ ಮೊದಲು ನಮ್ಮ ಚರ್ಚಿನಲ್ಲಿ ಒಂದು ಮೀಟಿಂಗ್ ಆಗುತ್ತದೆ. ಯಾವ ಭಾನುವಾರ ಬೈಬಲಿನ ಯಾವ ವಾಕ್ಯ, ಯಾರು ಓದಬೇಕು ಅಂತ ಗೊತ್ತು ಮಾಡುತ್ತೇವೆ. ಪ್ರತಿ ಸಲ ಯಾರಾದರೊಬ್ಬರು "ಇದು ಬಹಳ ಉದ್ದ ಆಯ್ತು, ಸ್ವಲ್ಪ ಕಡಿಮೆ ಮಾಡೋಣ" ಅನ್ನುತ್ತಾರೆ. ಈ ಸಲ ನಾನು ಬೇಡ ಅಂದೆ.

ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದ ವಿಷಯಕ್ಕೇ ಹಾಗೆ ಹೇಳಿದ್ದು. ಬಾವಿಯ ಹತ್ತಿರ ಯೇಸು ಮತ್ತು ಸಮಾರ್ಯದ ಹೆಂಗಸು. ಬಹಳಷ್ಟು ಸಭೆಗಳು ಬಳಸುವ ಮೂರು ವರ್ಷದ ಓದಿನ ಪಟ್ಟಿಯಲ್ಲಿ, ಮೊದಲನೇ ವರ್ಷ ಲೆಂಟಿನ ಮೂರನೇ ಭಾನುವಾರಕ್ಕೆ ಇದು ಬರುತ್ತದೆ. 5ರಿಂದ 42ನೇ ವಚನದವರೆಗೆ. ಹಿಂದಿನ ಸಲ ನಾವು 15ಕ್ಕೇ ನಿಲ್ಲಿಸಿದೆವು. ಯೇಸು ಹೇಳಿದ ಜೀವಜಲವನ್ನು ನನಗೂ ಕೊಡು ಅಂತ ಆಕೆ ಕೇಳುತ್ತಾಳೆ, ಅಷ್ಟೇ. ಆದರೆ 28ನೇ ವಚನದಲ್ಲಿ ಆಕೆ ಕೊಡವನ್ನು ಅಲ್ಲೇ ಬಿಟ್ಟು, ಆತನ ವಿಷಯ ಜನರಿಗೆ ಹೇಳಲು ಊರೊಳಗೆ ಹೋಗುತ್ತಾಳೆ. ಬಾಗಲಕೋಟೆಯ ಬಿಸಿಲಲ್ಲಿ ಮಧ್ಯಾಹ್ನ ನೀರಿಗೆ ಹೋದವರನ್ನು ಕೇಳಿ ನೋಡಿ. ಕೊಡ ಬಿಟ್ಟು ಬರುವುದು ಅಂದರೆ ಏನು ಅಂತ ಅವರು ಹೇಳುತ್ತಾರೆ.

ನನ್ನ ಆಯಿ ಬಾದಾಮಿ ಕಡೆಯ ಹಳ್ಳಿಯವರು. ಊರ ಬಾವಿಗೆ ಅವರು ಹಗ್ಗ ಇಳಿಸುವಂತಿರಲಿಲ್ಲ. ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಸೇದಿ ಸುರಿಯಬೇಕು. ಆಯಿಗೆ ಓದಲು ಬರುತ್ತಿರಲಿಲ್ಲ. ಆದರೆ ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇಲ್ಲ ಅನ್ನುವ 9ನೇ ವಚನವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ಯೇಸುಸ್ವಾಮಿ ಆಕಿ ಕೊಡದಾನ ನೀರು ಕೇಳ್ಯಾನ ನೋಡ" ಅಂತ ಎಷ್ಟು ಸಲ ಹೇಳಿದ್ದಾರೋ. ಆಮೇಲೆ ಕಥೆಯ ಕೊನೆಗೆ ಬರುತ್ತಿದ್ದರು. ಆ ಸಮಾರ್ಯದ ಊರಿನವರು ಕರೆದರು, ಯೇಸು ಎರಡು ದಿನ ಅಲ್ಲೇ ಉಳಿದ. 15ಕ್ಕೆ ನಿಲ್ಲಿಸಿದರೆ ಆಯಿಯ ಕಥೆ ಅರ್ಧಕ್ಕೇ ನಿಂತ ಹಾಗೆ, ಅಲ್ವಾ?

ಕ್ಯಾಥೋಲಿಕರ ಪಟ್ಟಿಯಲ್ಲೂ ಅಂದು ಇದೇ ಓದು. ಬೇಕಾದರೆ ಚಿಕ್ಕದಾಗಿ ಓದಲು ಅಲ್ಲಿ ಅವಕಾಶ ಇದೆ. ಆ ಚಿಕ್ಕ ಓದಿನಲ್ಲಿ ಆಕೆಗೆ ಐದು ಗಂಡಂದಿರಿದ್ದರು ಅನ್ನುವ ಮಾತಿಲ್ಲ. ಕೊಡ ಬಿಟ್ಟು ಹೋದದ್ದೂ ಇಲ್ಲ. 39ನೇ ವಚನದಲ್ಲಿ ಬಹಳ ಜನ ನಂಬಿದರು ಅನ್ನುವುದು ಉಳಿದಿದೆ, ಆ ಹೆಂಗಸಿನ ಸಾಕ್ಷಿಯಿಂದ ನಂಬಿದರು ಅನ್ನುವುದು ಹೋಗಿದೆ. ಇದನ್ನು ನೋಡಿದಾಗ ನನಗೆ ನಿಜವಾಗಿ ನೋವಾಯಿತು.

ಅದೇ ದಿನದ ಮೊದಲ ಓದು ಹಳೆಯ ಒಡಂಬಡಿಕೆಯ ವಿಮೋಚನಕಾಂಡ ಪುಸ್ತಕದ 17ನೇ ಅಧ್ಯಾಯ. ನೀರಿಲ್ಲದೆ ಜನ ಮೋಶೆಯ ಮೇಲೆ ಜಗಳಕ್ಕೆ ಬೀಳುತ್ತಾರೆ, ಆತ ಬಂಡೆ ಹೊಡೆಯುತ್ತಾನೆ, ನೀರು ಬರುತ್ತದೆ. ಬಾದಾಮಿಯ ಅಕ್ಕ-ತಂಗಿ ಜಲಪಾತವನ್ನು ಮಳೆಗಾಲದಲ್ಲಿ ನೋಡಿ, ಆಮೇಲೆ ಮಾರ್ಚಿನಲ್ಲಿ ಅದೇ ಕೆಂಪು ಬಂಡೆಯನ್ನು ನೋಡಿದವರಿಗೆ ಈ ಓದು ಬೇಡ ಅನ್ನಿಸಲು ಸಾಧ್ಯವೇ ಇಲ್ಲ. 95ನೇ ಕೀರ್ತನೆಯೂ ಅಂದೇ. ಅದರ ಮೊದಲರ್ಧ ಎಲ್ಲರಿಗೂ ಇಷ್ಟ. ಮನಸ್ಸು ಕಲ್ಲು ಮಾಡಿಕೊಳ್ಳಬೇಡಿ ಅನ್ನುವ ಕೊನೆಯ ಭಾಗ ಕೇಳಲು ಕಷ್ಟ, ಅದಕ್ಕೇ ಸುಮ್ನೆ ಬಿಟ್ಟುಬಿಡುತ್ತೇವೆ. ಬಂಡೆಯ ಹತ್ತಿರದ ಆ ಜಗಳವನ್ನೇ ಕೀರ್ತನೆ ನೆನೆಸುವುದು ಅಲ್ಲಿ. ಅದನ್ನು ಬಿಟ್ಟರೆ ಎರಡು ಓದುಗಳ ಗಂಟೇ ಬಿಚ್ಚಿಹೋಗುತ್ತದೆ.

ವಯಸ್ಸಾದವರು ಸೆಕೆಯಲ್ಲಿ ಕೂರಬೇಕು, ಮಕ್ಕಳು ಅಳುತ್ತವೆ ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಈ 38 ವಚನ ಓದಲು ಆರೇಳು ನಿಮಿಷ ಸಾಕು. ನಮ್ಮದು ರಾತ್ರಿಯಿಡೀ ಕೂತು ದೊಡ್ಡಾಟ, ಪಾರಿಜಾತ ನೋಡಿದ ಜನರ ಸೀಮೆ. ಕಥೆ ಕೇಳುವ ಕಿವಿ ನಮಗಿದೆ. ಪ್ರಕಟಣೆಗಳನ್ನು ಕಡಿಮೆ ಮಾಡೋಣ. ಉಪದೇಶ ಹತ್ತು ನಿಮಿಷ ಕಡಿಮೆಯಾದರೂ ಪರವಾಗಿಲ್ಲ.

ಮೀಟಿಂಗಿನಲ್ಲಿ ಕೊನೆಗೆ ಒಪ್ಪಿದರು. ಮೂರು ಜನ ಹಂಚಿಕೊಂಡು ಓದುತ್ತಾರೆ. ನಿರೂಪಣೆಗೆ ಒಬ್ಬರು, ಯೇಸುವಿನ ಮಾತಿಗೆ ಒಬ್ಬರು. ಆ ಹೆಂಗಸಿನ ಮಾತನ್ನು ನಮ್ಮ ಚರ್ಚಿನ ಕಸ ಗುಡಿಸಿ, ನೀರು ತುಂಬಿಸುವ ಅಕ್ಕ ಓದುತ್ತಾರೆ. "ನನಗ್ಯಾಕ್ರೀ" ಅಂದರು ಮೊದಲು. ಈಗ ದಿನಾ ಸಂಜೆ ಮನೆಯಲ್ಲಿ ಜೋರಾಗಿ ಓದಿ ರೂಢಿ ಮಾಡಿಕೊಳ್ಳುತ್ತಿದ್ದಾರಂತೆ.