ರಾಜಮನೆತನದ ಮದುವೆ ಗೌನ್‌ಗೆ ಅಜ್ಜಿ ಕಾಲದ ಸ್ಟೈಲ್ ಬೇಕಾ? ಪರ ಮತ್ತು ವಿರೋಧ

ಯುರೋಪಿನ ಯಾವುದಾದ್ರೂ ರಾಜಮನೆತನದಲ್ಲಿ ಮದುವೆ ಫಿಕ್ಸ್ ಆಯ್ತು ಅಂದ್ರೆ ಸಾಕು, ಗೌನ್ ಹೇಗಿರುತ್ತೆ ಅನ್ನೋದಕ್ಕಿಂತ ಮುಂಚೆ ಯಾರ ಗೌನ್ ಥರ ಇರುತ್ತೆ ಅನ್ನೋ ಮಾತು ಶುರುವಾಗುತ್ತೆ. 2011ರಲ್ಲಿ ಬ್ರಿಟನ್ನಿನ ಪ್ರಿನ್ಸ್ ವಿಲಿಯಂ ಜೊತೆ ಮದುವೆಗೆ ಕೇಟ್ ಮಿಡಲ್ಟನ್ ವೆಸ್ಟ್‌ಮಿನ್ಸ್ಟರ್ ಅಬ್ಬೆ ಚರ್ಚ್ ಮುಂದೆ ಕಾರಿಂದ ಇಳಿದಾಗ ತುಂಬಾ ಜನಕ್ಕೆ ನೆನಪಾಗಿದ್ದು 1956ರಲ್ಲಿ ಮೊನಾಕೋ ರಾಜಕುಮಾರನ್ನ ಮದುವೆ ಆದ ನಟಿ ಗ್ರೇಸ್ ಕೆಲಿ. 2020ರಲ್ಲಿ ಎಲಿಜಬೆತ್ ರಾಣಿಯ ಮೊಮ್ಮಗಳು ಬಿಯಾಟ್ರಿಸ್ ಅಂತೂ ಅಜ್ಜಿಯ ಗೌನನ್ನೇ ಹಾಕ್ಕೊಂಡ್ರು. ಹೀಗೆ ಹಿಂದಕ್ಕೆ ನೋಡ್ಕೊಂಡು ಮದುವೆ ಬಟ್ಟೆ ಹೊಲಿಸೋದು ಸರಿನಾ? ಎರಡೂ ಕಡೆ ಗಟ್ಟಿ ಕಾರಣಗಳಿವೆ, ಒಂದೊಂದಾಗಿ ಪೂರ್ತಿ ಬರೀತೀನಿ.

ಪರ: ಕೇಳೋರಿದ್ರೆ ತಾನೇ ಕೆಲಸ ಉಳಿಯೋದು

ಮೊದ್ಲು ಕೈಕೆಲಸದ ವಿಷಯಕ್ಕೆ ಬರ್ತೀನಿ ಯಾಕಂದ್ರೆ ಮಿಕ್ಕಿದ್ದೆಲ್ಲ ಆಮೇಲೆ. ವಿಕ್ಟೋರಿಯಾ ರಾಣಿ ಮದುವೆ ಆಗಿದ್ದು 1840ರ ಫೆಬ್ರವರಿ 10ಕ್ಕೆ, ಅಷ್ಟೊತ್ತಿಗೆ ಮೆಷಿನ್ ಲೇಸ್ ಬಂದು ಇಂಗ್ಲೆಂಡಿನ ಡೆವನ್ ಕಡೆ ಕೈಯಲ್ಲಿ ಹೆಣೀತಿದ್ದ ಹಾನಿಟನ್ ಲೇಸ್‌ನ ಕಸುಬು ಸೊರಗಿಹೋಗಿತ್ತು. ರಾಣಿ ಫ್ರಾನ್ಸ್ ಬೆಲ್ಜಿಯಂ ಕಡೆಯಿಂದ ಫ್ಯಾನ್ಸಿ ಲೇಸ್ ತರಿಸ್ಕೋಬಹುದಿತ್ತು, ಬಿಟ್ಟು ಬಿಯರ್ ಅನ್ನೋ ಮೀನುಗಾರರ ಊರಲ್ಲಿ ಲೇಸ್ ಹೆಣೀತಿದ್ದ ಹೆಂಗಸರಿಗೆ ಕೆಲಸ ಕೊಡಿಸಿದ್ರು, ಸುಮಾರು 200 ಜನ ಸೇರಿ ಮಾಡಿದ ಕೆಲಸ ಅದು. ರೇಷ್ಮೆ ಬಂದಿದ್ದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರಿಂದ. ಒಂದು ಮದುವೆ ಆರ್ಡರ್‌ನಿಂದ ಒಂದಿಡೀ ಕಸುಬಿಗೆ ಮತ್ತೆ ಜೀವ ಬರುತ್ತೆ ಅಂತ ಅವತ್ತೇ ಗೊತ್ತಾಯ್ತು, ಆಮೇಲೆ ಅವರ ಹೆಣ್ಣುಮಕ್ಕಳ ಮದುವೆಗಳಲ್ಲೂ ಹಾನಿಟನ್ ಲೇಸೇ ಬಂತು. 1885ರಲ್ಲಿ ಕೊನೇ ಮಗಳು ಬಿಯಾಟ್ರಿಸ್ ಮದುವೆಗೆ ವಿಕ್ಟೋರಿಯಾ ತಮ್ಮದೇ ಲೇಸ್ ವೇಲ್, ಅಂದ್ರೆ ತಲೆ ಮೇಲಿಂದ ಇಳಿಬಿಡೋ ಮುಸುಕು, ಕೊಟ್ರು.

2011ರಲ್ಲೂ ಅದೇ ದಾರಿ. ಕೇಟ್ ಗೌನ್ ಡಿಸೈನ್ ಮಾಡಿದ್ದು ಅಲೆಕ್ಸಾಂಡರ್ ಮೆಕ್ವೀನ್ ಬ್ರ್ಯಾಂಡಿನ ಸಾರಾ ಬರ್ಟನ್, ಲೇಸ್ ಕೆಲಸ ನಡೆದಿದ್ದು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿರೋ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನಲ್ಲಿ. ಐರ್ಲೆಂಡಿನಲ್ಲಿ 1820ರ ಸುಮಾರಿಗೆ ಶುರುವಾದ ಕ್ಯಾರಿಕ್‌ಮಾಕ್ರಾಸ್ ಪದ್ಧತಿ ಇದ್ಯಲ್ಲ, ಬಲೆಯಂಥ ತೆಳು ಬಟ್ಟೆ ಮೇಲೆ ಹೂವಿನ ಆಕಾರ ಕೂರಿಸಿ ಅಂಚು ಹೊಲಿಯೋದು, ಅದನ್ನೇ ಇಟ್ಕೊಂಡು ಗುಲಾಬಿ, ಥಿಸಲ್, ಡ್ಯಾಫೊಡಿಲ್, ಶ್ಯಾಮ್‌ರಾಕ್ ಎಲ್ಲಾ ಕೂರಿಸಿದ್ರು. ಲೇಸ್ ಕೊಳೆ ಆಗ್ಬಾರ್ದು ಅಂತ ಅರ್ಧ ಗಂಟೆಗೊಂದ್ಸಲ ಕೈ ತೊಳೀತಿದ್ರಂತೆ, ಮೂರು ಗಂಟೆಗೊಂದ್ಸಲ ಸೂಜಿ ಬದಲಾಯಿಸ್ತಿದ್ರಂತೆ. ಇಷ್ಟು ತಾಳ್ಮೆ ಬೇಡೋ ಕೆಲಸಕ್ಕೆ ದುಡ್ಡೂ ಟೈಮೂ ಕೊಡೋರು ಇವತ್ತು ಎಷ್ಟು ಜನ ಇದಾರೆ ಹೇಳಿ. ಮ್ಯೂಸಿಯಂ ಗಾಜಿನ ಹಿಂದೆ ಹಳೇ ಲೇಸ್ ಇಟ್ರೆ ಬಟ್ಟೆ ಉಳಿಯುತ್ತೆ ಆದ್ರೆ ಹೊಲಿಗೆ ಗೊತ್ತಿರೋರು ಉಳಿಯಲ್ಲ, ಕಲಿತಿರೋ ಹುಡುಗೀರಿಗೆ ನಿಜವಾದ ಕೆಲಸ ಸಿಗ್ಬೇಕು, ಇಂಥ ಮದುವೆಗಳಲ್ಲಿ ಅದು ಸಿಗುತ್ತೆ.

ಎರಡನೇದು ಮನೆಯವರ ನೆನಪು. ಡೆನ್ಮಾರ್ಕ್ ರಾಜಮನೆತನದ ಐರಿಶ್ ಲೇಸ್ ವೇಲ್ ಕಥೆ ನಂಗೆ ಇದರಲ್ಲೆಲ್ಲ ಬಹಳ ಇಷ್ಟ. ಅದು ಮೊದ್ಲು ಬ್ರಿಟನ್ನಿನ ರಾಜಕುಮಾರಿ ಕನಾಟ್‌ನ ಮಾರ್ಗರೆಟ್ 1905ರಲ್ಲಿ ಸ್ವೀಡನ್ನಿನ ರಾಜಕುಮಾರನ್ನ ಮದುವೆ ಆದಾಗ ಹಾಕ್ಕೊಂಡಿದ್ದು. 1920ರಲ್ಲಿ ಅವರು ತೀರಿಕೊಂಡಾಗ ಮಗಳು ಇಂಗ್ರಿಡ್‌ಗೆ ಬರೀ 10 ವರ್ಷ. 1935ರಲ್ಲಿ ಇಂಗ್ರಿಡ್ ಡೆನ್ಮಾರ್ಕಿಗೆ ಸೊಸೆಯಾಗಿ ಹೋಗುವಾಗ ತಲೆ ಮೇಲಿದ್ದಿದ್ದು ಅಮ್ಮನ ಆ ವೇಲ್. ಅವರ ಮೂರು ಹೆಣ್ಣುಮಕ್ಕಳೂ ಅದನ್ನೇ ಹಾಕ್ಕೊಂಡು ಮದುವೆ ಆದ್ರು, 2004ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಮೇರಿ ಅದೇ ವೇಲ್ ಹಾಕ್ಕೊಂಡಾಗ ಇವಳೂ ನಮ್ಮವಳೇ ಅಂತ ಆ ಮನೆ ಹೇಳಿದ ಹಾಗಾಯ್ತು. ಇದಕ್ಕೆ ಬದಲಾಗಿ ಎಷ್ಟೇ ಚೆನ್ನಾಗಿರೋ ಹೊಸ ವೇಲ್ ತಂದ್ಕೊಟ್ರೂ ಆ ಅರ್ಥ ಬರಲ್ಲ.

ಇನ್ನು ಶುರುವಲ್ಲಿ ಹೇಳಿದ 2020ರ ಬಿಯಾಟ್ರಿಸ್. ಕೋವಿಡ್‌ನಿಂದ ಮದುವೆ ಮುಂದಕ್ಕೆ ಹೋಗಿ 2020ರ ಜುಲೈ 17ಕ್ಕೆ ವಿಂಡ್ಸರ್‌ನ ಒಂದು ಚಿಕ್ಕ ಚಾಪೆಲ್‌ನಲ್ಲಿ ಕೆಲವೇ ಜನರ ಮುಂದೆ ಆಯ್ತು, ಹಾಕ್ಕೊಂಡಿದ್ದು ನಾರ್ಮನ್ ಹಾರ್ಟ್‌ನೆಲ್ ಹೊಲಿದಿದ್ದ ಗೌನ್, ಎಲಿಜಬೆತ್ ರಾಣಿ 1962ರಲ್ಲಿ ಒಂದು ಸಿನಿಮಾ ಪ್ರೀಮಿಯರ್‌ಗೆ ಹಾಕಿದ್ದು. ಆಂಜೆಲಾ ಕೆಲಿ ಮತ್ತೆ ಸ್ಟುವರ್ಟ್ ಪಾರ್ವಿನ್ ಸೇರಿ ಅದಕ್ಕೆ ಆರ್ಗಾಂಜಾ ಅನ್ನೋ ತೆಳು ಬಟ್ಟೆಯ ತೋಳು ಸೇರಿಸಿ ಫಿಟಿಂಗ್ ಮಾಡ್ಕೊಟ್ರು. ತಲೆ ಮೇಲೆ 1919ರ ಕ್ವೀನ್ ಮೇರಿ ಫ್ರಿಂಜ್ ಟಿಯಾರಾ (ಚಿಕ್ಕ ಕಿರೀಟ), 1947ರಲ್ಲಿ ಎಲಿಜಬೆತ್ ಮದುವೆ ದಿನ ಬೆಳಿಗ್ಗೆ ಮುರಿದುಹೋಗಿ ಗಡಿಬಿಡಿಯಲ್ಲಿ ರಿಪೇರಿ ಮಾಡಿಸಿದ್ರಲ್ಲ, ಅದೇ. ಹೊಸ ಬಟ್ಟೆ ಒಂದು ಮೀಟರೂ ವೇಸ್ಟ್ ಮಾಡ್ದೆ ಇರೋದನ್ನೇ ತಿದ್ದಿ ಉಡೋದು ಒಂದ್ಸಲ ಹಾಕಿ ಬೀರು ಸೇರೋ ಗೌನ್‌ಗಿಂತ ಎಷ್ಟೋ ಮೇಲು, ಅದನ್ನ ಒಬ್ಬ ರಾಜಕುಮಾರಿ ಮಾಡಿ ತೋರ್ಸಿದ್ರೆ ಹಳೇ ಬಟ್ಟೆ ಉಟ್ರೆ ಮರ್ಯಾದೆ ಕಮ್ಮಿ ಅನ್ನೋರ ಬಾಯಿ ತಾನಾಗೇ ಮುಚ್ಚುತ್ತೆ.

ವಿರೋಧ: ಇವತ್ತು ನಾವು ಹಳೇದು ಅಂತಿರೋದೆಲ್ಲ ಅವತ್ತಿಗೆ ಹೊಸದಾಗಿತ್ತು

ಮೊದ್ಲೇ ಹೇಳ್ಬಿಡ್ತೀನಿ, ಅಮ್ಮನ ವೇಲ್ ಹಾಕ್ಕೊಳ್ಳೋದ್ರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಗೌನ್ ಡಿಸೈನ್ ಮಾಡೋವಾಗ ಹಳೇ ಫೋಟೋ ಮುಂದಿಟ್ಕೊಂಡು ಶುರು ಮಾಡ್ತಾರಲ್ಲ ಅದ್ರ ಮೇಲೆ.

ವಿಕ್ಟೋರಿಯಾ ಹೆಸ್ರು ಹೇಳಿ ಬಿಳಿ ಗೌನ್‌ನ ಪರಂಪರೆ ಅಂತಾರೆ. ವಿಕ್ಟೋರಿಯಾ ಮಾಡಿದ್ದು ಪರಂಪರೆ ಮುರಿಯೋ ಕೆಲಸ. ಅದಕ್ಕೂ ಮುಂಚೆ ರಾಜಮನೆತನದ ಮದುವೆ ಅಂದ್ರೆ ಬೆಳ್ಳಿ ಬಂಗಾರದ ಜರಿ ಬಟ್ಟೆ, 1816ರಲ್ಲಿ ಪ್ರಿನ್ಸೆಸ್ ಷಾರ್ಲೆಟ್ ಹಾಕಿದ್ದೂ ಬೆಳ್ಳಿ ಹೊಳಪಿನ ಗೌನೇ. 1558ರಲ್ಲಿ ಸ್ಕಾಟ್ಲೆಂಡಿನ ಮೇರಿ ಬಿಳಿ ಉಟ್ಟಿದ್ದು ನಿಜ, ಆದ್ರೆ ಅದು ರೂಢಿ ಆಗ್ಲಿಲ್ಲ. ವಿಕ್ಟೋರಿಯಾ ಕಿರೀಟ ಬೇಡ, ರಾಣಿಯ ಭಾರದ ನಿಲುವಂಗಿನೂ ಬೇಡ ಅಂತ ಕಿತ್ತಳೆ ಹೂವಿನ ದಂಡೆ ಮುಡ್ಕೊಂಡು ಬಂದ್ರು. ಅವರು ಹಿಂದಿನ ರಾಣಿಯರ ಚಿತ್ರ ನೋಡ್ಕೊಂಡು ಹಂಗೇ ಹೊಲಿಸಿದ್ರೆ ಇವತ್ತು ಈ ಬಿಳಿ ಗೌನ್ ವಿಷ್ಯಾನೇ ಇರ್ತಿರ್ಲಿಲ್ಲ.

1947ರ ಎಲಿಜಬೆತ್ ಮದುವೆ ತಗೊಳ್ಳಿ. ಯುದ್ಧ ಮುಗಿದು ಎರಡು ವರ್ಷ, ಬಟ್ಟೆಗೆ ಇನ್ನೂ ರೇಷನ್, ಎಲಿಜಬೆತ್‌ಗೆ ಎಕ್ಸ್‌ಟ್ರಾ 200 ಕೂಪನ್ ಕೊಟ್ರು, ಜನ ಪ್ರೀತಿಗೆ ತಮ್ಮ ಕೂಪನ್ ಕಳಿಸಿದ್ರೆ ಕಾನೂನು ಒಪ್ಪಲ್ಲ ಅಂತ ವಾಪಸ್ ಕಳಿಸ್ಬೇಕಾಯ್ತು. ಆ ಟೈಮಲ್ಲಿ ಹಾರ್ಟ್‌ನೆಲ್ ಹೋಗಿ ನೋಡಿದ್ದು ಯಾವ ರಾಣಿಯ ಗೌನನ್ನೂ ಅಲ್ಲ, ಇಟಲಿಯ ಚಿತ್ರಕಾರ ಬೊಟಿಚೆಲ್ಲಿಯ ಪ್ರಿಮಾವೆರಾ ಚಿತ್ರವನ್ನ. ವಸಂತ ಬಂತು, ದೇಶ ಮತ್ತೆ ಚಿಗುರುತ್ತೆ ಅನ್ನೋ ಭಾವ ತಗೊಂಡು 10,000 ಮುತ್ತಿನಲ್ಲಿ ಹೂವು ಬಳ್ಳಿ ಎಳೆದ್ರು. ಹಳೇದರಿಂದ ಪ್ರೇರಣೆ ಅಂದ್ರೆ ಇದು, ಚಿತ್ರ 15ನೇ ಶತಮಾನದ್ದು ಆದ್ರೂ ಗೌನ್ ಮಾತಾಡಿದ್ದು 1947ರ ಜನರ ಹತ್ರ. ಅದೇ ಹಾರ್ಟ್‌ನೆಲ್ 1960ರಲ್ಲಿ ತಂಗಿ ಮಾರ್ಗರೆಟ್‌ಗೆ ಹೊಲಿದಾಗ ಮುತ್ತು ಕಸೂತಿ ಏನೂ ತುಂಬ್ದೆ ಸರಳ ರೇಷ್ಮೆ ಆರ್ಗಾಂಜಾ ಗೌನ್ ಮಾಡಿದ್ರು, ಅಕ್ಕನ ಗೌನ್ ಅಷ್ಟು ಹಿಟ್ ಆಗಿದ್ರೂ ಅದನ್ನ ರಿಪೀಟ್ ಮಾಡ್ಲಿಲ್ಲ. ಡಯಾನಾ ಅವರ 1981ರ ಗೌನ್‌ನ ಉಬ್ಬಿದ ತೋಳು, ಹಿಂದೆ ನೆಲ ಸವರ್ಕೊಂಡು ಬಂದ 25 ಅಡಿ ಬಟ್ಟೆ, ಇದೆಲ್ಲ ಇಷ್ಟ ಆಗ್ಲಿ ಬಿಡ್ಲಿ ನೋಡಿದ ಕೂಡ್ಲೆ 80ರ ದಶಕ ಅಂತ ಗೊತ್ತಾಗುತ್ತೆ, ಅದ್ರಲ್ಲೂ ಕ್ವೀನ್ ಮೇರಿಯವರ ಹಳೇ ಲೇಸ್ ತುಂಡು ಇತ್ತು ಆದ್ರೆ ಗೌನ್ ಆ ಲೇಸಿಗೆ ದಾಸ ಆಗಿರ್ಲಿಲ್ಲ.

2011ರ ಗೌನ್ ಚೆನ್ನಾಗಿರ್ಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಉದ್ದ ಲೇಸ್ ತೋಳು, ಕಿರಿದಾದ ಸೊಂಟ ಎಲ್ಲ 55 ವರ್ಷ ಹಿಂದಿನ ನೆನಪು, ಅದನ್ನ ಪ್ರಪಂಚದ ಅಂಗಡಿಗಳು ಕೆಲವೇ ದಿನದಲ್ಲಿ ಕಾಪಿ ಹೊಡೆದ್ವು. ಕೈಕೆಲಸ ಉಳಿಯುತ್ತೆ ಅನ್ನೋ ವಾದ ಇಲ್ಲೇ ಸೋರೋದು, ಹ್ಯಾಂಪ್ಟನ್ ಕೋರ್ಟಲ್ಲಿ ಹೂವು ಕೂರಿಸಿದ್ದು ಕೈಯಲ್ಲೇ ಆದ್ರೂ ಆ ಹೂವುಗಳನ್ನ ಕತ್ತರಿಸಿದ ಲೇಸ್ ಮೆಷಿನ್ನಿಂದ ಬಂದಿದ್ದು, ಇನ್ನು ಅಂಗಡಿ ಕಾಪಿಗಳಲ್ಲಿ ಆ ಕೈಹೊಲಿಗೆನೂ ಇಲ್ಲ. ಸ್ಟೈಲ್ ಹರಡುತ್ತೆ, ಕಸುಬು ಹರಡಲ್ಲ.

ಹಳೇ ಬಟ್ಟೆ ಉಡೋದಕ್ಕೂ ಒಂದು ಬೆಲೆ ಇದೆ. ರೇಷ್ಮೆ ಬೆಳಕಿಗೆ, ಬೆವರಿಗೆ, ಮಡಿಕೆಗೆ ಸೋಲುತ್ತೆ, ಹೊಲಿಗೆ ಬಿಚ್ಚಿ ಹೊಸದಾಗಿ ಸೂಜಿ ಹಾಕಿದಷ್ಟೂ ಎಳೆಗಳ ಮೇಲೆ ಭಾರ. 2022ರಲ್ಲಿ ಮರ್ಲಿನ್ ಮನ್ರೋ ಅವರ ಗೌನನ್ನ ಬೇರೆಯೋರು ಹಾಕಿ ಗಲಾಟೆ ಆದಾಗ ಅಂತರರಾಷ್ಟ್ರೀಯ ಮ್ಯೂಸಿಯಂ ಸಂಸ್ಥೆಯ ವೇಷಭೂಷಣ ಸಮಿತಿ, ಐತಿಹಾಸಿಕ ಉಡುಪನ್ನ ಯಾರೂ ಹಾಕ್ಕೋಬಾರ್ದು ಅಂತ ನೇರವಾಗಿ ಹೇಳಿತು. ಹಾರ್ಟ್‌ನೆಲ್ 60ರ ದಶಕದ ಆಸುಪಾಸಲ್ಲಿ ರಾಣಿಗೆ ಹೊಲಿದ ಗೌನ್ ಕೂಡ ಅಂಥದ್ದೇ ದಾಖಲೆ. ತೋಳಿಲ್ದೆ ಇದ್ದಿದ್ದಕ್ಕೆ ತೋಳು ಬಂದ್ಮೇಲೆ 2020ರಲ್ಲಿ ಅರಮನೆಯಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ನೋಡಿದ್ದು ಹಾರ್ಟ್‌ನೆಲ್ ಹೊಲಿದ ಗೌನನ್ನಲ್ಲ, ತಿದ್ದಿದ ಗೌನನ್ನ. ಮೊಮ್ಮಗಳ ಪ್ರೀತಿ ದೊಡ್ಡದೇ, ಆದ್ರೂ ಇದು ಚಿಕ್ಕ ನಷ್ಟ ಅಲ್ಲ.

ಇದಕ್ಕಿಂತ ನಂಗೆ ಮುಖ್ಯ ಅನ್ಸೋದು ಮದುವಣಗಿತ್ತಿಯ ಮಾತು. ಬಿಯಾಟ್ರಿಸ್ ತಂಗಿ ಯೂಜಿನಿ 2018ರ ಅಕ್ಟೋಬರ್ 12ಕ್ಕೆ ವಿಂಡ್ಸರ್‌ನಲ್ಲಿ ಮದುವೆ ಆದ್ರು. ಬೆನ್ನುಮೂಳೆ ಬಾಗಿದ್ದಕ್ಕೆ 12ನೇ ವಯಸ್ಸಲ್ಲಿ ಅವರಿಗೆ ದೊಡ್ಡ ಆಪರೇಷನ್ ಆಗಿತ್ತು, ಆ ಗಾಯದ ಗುರುತು ಎಲ್ಲರಿಗೂ ಕಾಣ್ಬೇಕು ಅಂತ ವೇಲ್ ಹಾಕ್ಕೊಳ್ದೆ, ಹಿಂದೆ ಆಳಕ್ಕೆ ಇಳಿದಿರೋ ಗೌನ್ ಕೇಳಿ ಮಾಡಿಸ್ಕೊಂಡ್ರು. ಪೀಟರ್ ಪಿಲೊಟ್ಟೊ ಮತ್ತೆ ಕ್ರಿಸ್ಟೋಫರ್ ಡಿ ವಾಸ್ ಅದನ್ನ ಅವರ ಮೈಗೆ, ಅವರ ಬದುಕಿಗೆ ಅಂತಾನೇ ಡಿಸೈನ್ ಮಾಡಿದ್ದು. ಟಿಯಾರಾ 1919ರದ್ದೇ, ಗ್ರೆವಿಲ್ ಪಚ್ಚೆ ಕಲ್ಲಿನದು, ಇರ್ಲಿ ಚೆನ್ನಾಗೇ ಇತ್ತು. ಹಳೇ ಕಾಲದ ಸ್ಟೈಲ್ ಅಂತ ಮೊದ್ಲೇ ಫಿಕ್ಸ್ ಆಗಿ ವೇಲ್ ಇಳಿಬಿಟ್ಟಿದ್ರೆ ಆ ಬೆನ್ನು ಮುಚ್ಚಿಹೋಗ್ತಿತ್ತು, ಅಂಥದ್ದೇ ಗುರುತು ಬಟ್ಟೆಯೊಳಗೆ ಬಚ್ಚಿಟ್ಕೊಂಡಿರೋ ಹುಡುಗೀರು ಅವತ್ತು ಟಿವಿಯಲ್ಲಿ ಇನ್ನೊಂದು ಚೆಂದದ ಗೌನ್ ನೋಡಿ ಸುಮ್ನಾಗ್ತಿದ್ರು.