ಹಳೇ ರಿಸೀವರ್‌ಗೆ ಪಿನ್ ಅಡಾಪ್ಟರ್ ಸಾಲದು

ಜಪಾನ್, ಅಮೆರಿಕದಿಂದ ತಂದ ಹಳೇ ಪಯೋನಿಯರ್, ಸ್ಯಾನ್ಸುಯಿ ರಿಸೀವರ್‌ಗಳಿಗೆ (ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇರುವ ಸ್ಟೀರಿಯೋ ಸೆಟ್ಟುಗಳಿಗೆ) ಪಿನ್ ಅಡಾಪ್ಟರ್ ಹಾಕಿದರೆ ಸಾಕು ಎಂಬ ಸಲಹೆ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ. ಜಪಾನಿನಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ನೇರವಾಗಿ ಕೊಟ್ಟರೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಒಳಗಿನ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತದೆ. ಅದಕ್ಕೆ ಬದಲಿ ಹುಡುಕುವುದು ದೊಡ್ಡ ಕಷ್ಟ.

ಮೊದಲು ಸೆಟ್ಟಿನ ಹಿಂಬದಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ವೋಲ್ಟೇಜ್ ಬದಲಿಸುವ ವ್ಯವಸ್ಥೆ ಇರುತ್ತದೆ. ಇಲ್ಲದಿದ್ದರೆ ವೋಲ್ಟೇಜ್ ಇಳಿಸಿಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದೂ ಸೆಟ್ಟು ಎಳೆಯುವ ವ್ಯಾಟ್‌ಗಿಂತ ಜಾಸ್ತಿ ಸಾಮರ್ಥ್ಯದ್ದು.

ಇನ್ನೊಂದು ವಿಷಯ. ಜಪಾನಿನವರಿಗಾಗಿಯೇ ಮಾಡಿದ ಹಳೇ ಸೆಟ್ಟುಗಳ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ಬೆಂಗಳೂರು ಆಕಾಶವಾಣಿಯ 101.3 ಅದರಲ್ಲಿ ಸಿಗುವುದಿಲ್ಲ. ರೇಡಿಯೋ ಆಸೆಗೆ ಕೊಳ್ಳುವವರು ಇದನ್ನು ನೋಡಿಯೇ ದುಡ್ಡು ಕೊಡಿ.